ಕುದುರೆ ವ್ಯಾನ್ ಕೊಳ್ಳುವ ಮುಂಚೆ ತೂಕದ ಚೀಟಿ ಕೇಳಿ

ಕೊನೆಗೂ ಗಾಡಿ ಬಂತು. ಐದು ತಿಂಗಳು ಹುಡುಕಿದ್ದೆವು. 2017ರ ರೆನೋ ಮಾಸ್ಟರ್, ಬೂದು ಬಣ್ಣ, ಹಿಂದೆ ಎರಡು ಕುದುರೆಗೆ ಜಾಗ. ನಾವಿರುವುದು ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ. ಇಲ್ಲಿ ಸಾಮಾನು ಸಾಗಿಸುವ ವ್ಯಾನನ್ನೇ ಕತ್ತರಿಸಿ, ಪಕ್ಕದಲ್ಲಿ ರ‍್ಯಾಂಪ್ ಕೂರಿಸಿ, ಒಳಗೆ ನೆಲ, ಗೋಡೆ, ತಡೆ ಎಲ್ಲ ಮಾಡಿ ಕುದುರೆ ಗಾಡಿಯಾಗಿ ಮಾರುತ್ತಾರೆ. ಹೊಸದು ಬೇಕಾದರೆ ಸಿಕ್ಕಾಪಟ್ಟೆ ದುಡ್ಡು. ನಮ್ಮದು ಸೆಕೆಂಡ್ ಹ್ಯಾಂಡ್, 18,500 ಪೌಂಡ್. ನಮ್ಮ ಪಾಲಿಗೆ ಇದು ದೊಡ್ಡ ಮೊತ್ತ. ಮನೆ ಬಿಟ್ಟರೆ ನಾವು ಕೊಂಡ ಅತಿ ದುಬಾರಿ ವಸ್ತು ಇದೇ.

ನಾನು ಬೆಳೆದದ್ದು ಕುಣಿಗಲ್‌ನಲ್ಲಿ. ಅಲ್ಲಿನ ಸ್ಟಡ್ ಫಾರ್ಮ್‌ನಲ್ಲಿ ಹಿಂದೆ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದರು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಚಿಕ್ಕವಳಿದ್ದಾಗ ಬೇಲಿಯಾಚೆ ನಿಂತು ಕುದುರೆ ನೋಡುತ್ತಿದ್ದೆ, ಮುಟ್ಟಿದ್ದಿಲ್ಲ. ಈಗ ನನ್ನ ಮಗಳಿಗೆ ಅವಳದೇ ಕುದುರೆ ಇದೆ. ಬ್ರಾಂಬಲ್ ಅಂತ ಹೆಸರು, ಹೆಣ್ಣು, 15.2 ಹ್ಯಾಂಡ್ ಎತ್ತರ (ಅಂದರೆ ಭುಜದವರೆಗೆ ಐದು ಅಡಿ ಎರಡು ಇಂಚು), 510 ಕೆಜಿ ತೂಕ. ಮೈ ತುಂಬಿಕೊಂಡ, ಸಮಾಧಾನದ ಕುದುರೆ.

ಗಾಡಿ ಬೇಕೇ ಬೇಕು ಅಂತ ಅನ್ನಿಸಿದ್ದು ಹೋದ ಚಳಿಗಾಲದ ಒಂದು ರಾತ್ರಿ. ಬ್ರಾಂಬಲ್‌ಗೆ ಕಾಲಿಕ್ ಆಯಿತು, ಅಂದರೆ ಹೊಟ್ಟೆನೋವು. ನಮಗೆ ಹೊಟ್ಟೆನೋವು ಬಂದ ಹಾಗಲ್ಲ ಇದು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಏನಾದರೂ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು. ಡಾಕ್ಟರ್ ಬಂದು ನೋಡಿ, ಈಗಲೇ ಕುದುರೆ ಆಸ್ಪತ್ರೆಗೆ ಸಾಗಿಸಿ ಅಂದರು. ಯಾವುದರಲ್ಲಿ ಸಾಗಿಸುವುದು? ರಾತ್ರಿ ಎರಡು ಗಂಟೆ. ಮಗಳು ಕುದುರೆಯ ಹಗ್ಗ ಹಿಡಿದು ಅಂಗಳದಲ್ಲಿ ನಡೆಸುತ್ತಲೇ ಇದ್ದಳು, ನಾನು ಗೊತ್ತಿದ್ದವರಿಗೆಲ್ಲ ಫೋನ್ ಮಾಡುತ್ತಲೇ ಇದ್ದೆ. ಒಂದೂವರೆ ಗಂಟೆ ಆದ ಮೇಲೆ ಪಕ್ಕದ ಹಳ್ಳಿಯ ರೈತರೊಬ್ಬರು ತಮ್ಮ ಲಾರಿ ತಂದರು. ಆಪರೇಷನ್ ಇಲ್ಲದೆ ಬದುಕಿಕೊಂಡಳು. ಆ ಒಂದೂವರೆ ಗಂಟೆ ಮಾತ್ರ ನನಗೆ ಇನ್ನೊಮ್ಮೆ ಬೇಡ.

ಟ್ರೇಲರ್ ಯಾಕೆ ತಗೊಳ್ಳಲಿಲ್ಲ ಅಂತ ತುಂಬಾ ಜನ ಕೇಳಿದರು. 2021ರ ಡಿಸೆಂಬರ್ 16ರಿಂದ ಇಲ್ಲಿ ಕಾರ್ ಲೈಸೆನ್ಸ್ ಇದ್ದವರು 3,500 ಕೆಜಿವರೆಗಿನ ಟ್ರೇಲರ್ ಎಳೆಯಲು ಬೇರೆ ಪರೀಕ್ಷೆ ಕೊಡಬೇಕಿಲ್ಲ, ಅದು ನಿಜ. ಆದರೆ ಎಳೆಯುವ ಕಾರಿಗೆ ತಾಕತ್ತು ಬೇಕಲ್ಲ? ಎರಡು ಕುದುರೆಯ ಟ್ರೇಲರ್ ಖಾಲಿಯೇ ಹತ್ತಿರ ಹತ್ತಿರ ಒಂದು ಟನ್ ಇರುತ್ತದೆ. ನಮ್ಮದು ಚಿಕ್ಕ ಕಾರು. ಟ್ರೇಲರ್ ಜೊತೆಗೆ ದೊಡ್ಡ ಜೀಪನ್ನೂ ಕೊಳ್ಳಬೇಕಾಗುತ್ತಿತ್ತು. ದೊಡ್ಡ ಲಾರಿ ಓಡಿಸೋಣ ಅಂದರೆ ಲೈಸೆನ್ಸ್ ಇಲ್ಲ. 1997ರ ಜನವರಿ 1ಕ್ಕಿಂತ ಮೊದಲು ಇಲ್ಲಿ ಕಾರ್ ಟೆಸ್ಟ್ ಪಾಸಾದವರಿಗೆ 7.5 ಟನ್‌ವರೆಗೆ ಓಡಿಸುವ ಹಕ್ಕು ತಾನಾಗೇ ಸಿಕ್ಕಿತ್ತು. ಆಮೇಲೆ ಪಾಸಾದವರಿಗೆ ಮಿತಿ 3.5 ಟನ್. ನಾನೂ ನಮ್ಮನೆಯವರೂ ಇಲ್ಲಿಗೆ ಬಂದದ್ದೇ 2008ರಲ್ಲಿ. ಹಾಗಾಗಿ ನಮಗಿದ್ದ ದಾರಿ ಒಂದೇ, 3.5 ಟನ್ನಿನ ವ್ಯಾನ್.

ಇಲ್ಲೇ ನೋಡಿ ವಿಷಯ ಇರುವುದು. ಈ 3.5 ಟನ್ ಅಂದರೆ ಗಾಡಿಯ ತೂಕ ಅಲ್ಲ. ಗಾಡಿ, ಡೀಸೆಲ್, ಡ್ರೈವರ್, ಪಕ್ಕದಲ್ಲಿ ಕೂತವರು, ಕುದುರೆ, ಜೀನು, ನೀರು, ಹುಲ್ಲು ಎಲ್ಲಾ ಸೇರಿ 3,500 ಕೆಜಿ ದಾಟುವಂತಿಲ್ಲ. ಜಾಹೀರಾತಿನಲ್ಲಿ ‘ಎರಡು ಕುದುರೆಯ ವ್ಯಾನ್’ ಅಂತ ಬರೆದಿರುತ್ತಾರೆ. ಎರಡು ಕುದುರೆ ನಿಲ್ಲುವಷ್ಟು ಜಾಗ ಇದೆ ಅಂತ ಅಷ್ಟೇ ಅದರ ಅರ್ಥ. ಎರಡನ್ನು ಕಾನೂನಿನ ಪ್ರಕಾರ ಹೊರಬಹುದಾ ಇಲ್ಲವಾ ಅನ್ನುವುದು ಬೇರೆಯೇ ಲೆಕ್ಕ.

ನಾವು ನೋಡಿದ ಮೊದಲ ಗಾಡಿ ನೋಡಲು ಬಹಳ ಚೆಂದ ಇತ್ತು. ಕುದುರೆ ನಿಲ್ಲುವ ಜಾಗಕ್ಕೂ ಡ್ರೈವರ್ ಸೀಟಿಗೂ ನಡುವೆ ಮೆತ್ತನೆ ಬೆಂಚು, ಸಿಂಕು, ಪುಟ್ಟ ಒಲೆ, ಕಪಾಟು. ಮಗಳಿಗಂತೂ ತುಂಬಾ ಇಷ್ಟವಾಯಿತು. ಎಷ್ಟು ಭಾರ ಹೊರುತ್ತದೆ ಅಂತ ಕೇಳಿದೆ. 1,100 ಕೆಜಿ ಆರಾಮಾಗಿ ಅಂದರು ಮಾರುವವರು. ವೇಬ್ರಿಡ್ಜಿನ ತೂಕದ ಚೀಟಿ ಇದೆಯಾ ಅಂದೆ. ಎಲ್ಲೋ ಇಟ್ಟಿದ್ದೇನೆ ಅಂದರು. ಹಾಗಾದರೆ ಈಗಲೇ ಹೋಗಿ ತೂಗಿಸೋಣ, ಅದರ ದುಡ್ಡು ನಾನೇ ಕೊಡುತ್ತೇನೆ ಅಂದೆ. ಅವರಿಗೆ ಅಷ್ಟು ಇಷ್ಟವಿರಲಿಲ್ಲ, ಆದರೂ ಬಂದರು. ಟ್ಯಾಂಕ್ ತುಂಬಾ ಡೀಸೆಲ್, ಒಳಗೆ ಒಬ್ಬರೇ. 2,780 ಕೆಜಿ ತೋರಿಸಿತು.

3,500ರಲ್ಲಿ 2,780 ಕಳೆದರೆ ಉಳಿಯುವುದು 720. ಬ್ರಾಂಬಲ್ 510. ಮಗಳು 50. ಜೀನು, ಲಗಾಮು, ಬಕೆಟ್ಟು, ನೀರಿನ ಕ್ಯಾನು, ಹುಲ್ಲು ಅಂತ ಒಂದು 60. ಅಲ್ಲಿಗೆ 620 ಆಯಿತು. ಒಂದೇ ಕುದುರೆಗಾದರೆ ಸರಿ. ಆದರೆ ಮಗಳ ಗೆಳತಿಯ ಪೋನಿಯೂ ನಮ್ಮ ಜೊತೆ ಬರಬೇಕಿತ್ತು, ಅದೊಂದು 380 ಕೆಜಿ. ಅದು ಹತ್ತಿದರೆ ಮಿತಿ 280 ಕೆಜಿ ದಾಟುತ್ತದೆ, ಆ ಹುಡುಗಿಯನ್ನು ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ.

ರಸ್ತೆಯಲ್ಲಿ ತಪಾಸಣೆ ಮಾಡುವವರು ಡಿವಿಎಸ್‌ಎ ಅನ್ನುವ ಸರ್ಕಾರಿ ಸಂಸ್ಥೆಯವರು. ಮಿತಿಗಿಂತ ಶೇ 10ರ ಒಳಗೆ ಜಾಸ್ತಿ ಇದ್ದರೆ 100 ಪೌಂಡ್ ದಂಡ, ಶೇ 15 ದಾಟಿದರೆ 300, ಶೇ 30 ದಾಟಿದರೆ ಕೋರ್ಟು. ದಂಡ ಹೇಗೋ ಕಟ್ಟಬಹುದು. ನನಗೆ ಭಯ ಇರುವುದು ಬೇರೆ. ತೂಕ ಇಳಿಸುವವರೆಗೂ ಗಾಡಿ ಮುಂದೆ ಹೋಗುವಂತಿಲ್ಲ ಅಂತ ಅವರು ತಡೆಯಬಹುದು. ತರಕಾರಿ ಮೂಟೆ ಆಗಿದ್ದರೆ ಇಳಿಸಿ ಪಕ್ಕಕ್ಕಿಡಬಹುದಿತ್ತು. ಹೆದ್ದಾರಿ ಪಕ್ಕದಲ್ಲಿ, ಲಾರಿಗಳು ಭರ್ರನೆ ಹೋಗುವ ಕಡೆ, ಕುದುರೆಯನ್ನು ಇಳಿಸಿಕೊಂಡು ಹಗ್ಗ ಹಿಡಿದು ನಿಲ್ಲುವುದನ್ನು ಒಮ್ಮೆ ಯೋಚನೆ ಮಾಡಿ. ಜೊತೆಗೆ ತೂಕ ಜಾಸ್ತಿಯಾದಾಗ ಬ್ರೇಕ್ ಹಿಡಿಯುವ ರೀತಿಯೇ ಬೇರೆ, ಟೈರ್ ಮೇಲೆ ಬೀಳುವ ಒತ್ತಡವೇ ಬೇರೆ. ಅಪಘಾತ ಆದರೆ ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು.

ಮತ್ತೊಂದು ವಿಷಯ. ಒಟ್ಟು ತೂಕ ಸರಿ ಇದ್ದರೆ ಸಾಲದು. ಗಾಡಿಗೆ ಅಂಟಿಸಿರುವ ಪ್ಲೇಟಿನಲ್ಲಿ ಮುಂದಿನ ಆಕ್ಸೆಲ್‌ಗೆ (ಚಕ್ರಗಳ ಅಚ್ಚಿಗೆ) ಎಷ್ಟು, ಹಿಂದಿನದಕ್ಕೆ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತದೆ. ಕುದುರೆಗಳೆಲ್ಲ ಹಿಂದೆ ನಿಲ್ಲುವ ಕಾರಣ ಹಿಂದಿನ ಆಕ್ಸೆಲ್ ಮೊದಲು ಮಿತಿ ದಾಟುವುದುಂಟು. ತೂಗಿಸುವಾಗ ಎರಡನ್ನೂ ಬೇರೆ ಬೇರೆಯಾಗಿ ತೂಗಿಸಿ.

ಎರಡನೇ ಗಾಡಿಯ ತೂಕ ಸರಿ ಇತ್ತು, ಬೆಲೆಯೂ ಕಡಿಮೆ. ಅದನ್ನು ನೋಡಲು ನಮ್ಮ ಲಾಯದ ಹಿರಿಯ ಹೆಂಗಸೊಬ್ಬರು ಜೊತೆಗೆ ಬಂದಿದ್ದರು. ಎಪ್ಪತ್ತು ದಾಟಿದವರು, ಐವತ್ತು ವರ್ಷದಿಂದ ಕುದುರೆ ಸಾಗಿಸಿದವರು. ಅವರು ಬಣ್ಣ, ಎಂಜಿನ್ ಯಾವುದನ್ನೂ ನೋಡಲಿಲ್ಲ. ಸೀದಾ ಒಳಗೆ ಹೋಗಿ ರಬ್ಬರ್ ಮ್ಯಾಟ್‌ನ ಮೂಲೆ ಎತ್ತಿ ಅಂದರು. ಎತ್ತಲು ಬರುವುದಿಲ್ಲ, ಅಂಟಿಸಿಬಿಟ್ಟಿದೆ ಅಂದರು ಮಾರುವವರು. ಸರಿ ಅಂತ ಇವರು ಕೆಳಗೆ ಪ್ಲಾಸ್ಟಿಕ್ ಹಾಸಿಕೊಂಡು ಗಾಡಿಯ ಅಡಿಗೇ ನುಗ್ಗಿದರು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸ್ಕ್ರೂ ಡ್ರೈವರ್. ಎರಡು ನಿಮಿಷ ಸದ್ದಿಲ್ಲ. ಆಮೇಲೆ ನನ್ನನ್ನೂ ಕರೆದು ತೋರಿಸಿದರು. ನೆಲದ ಪ್ಲೈವುಡ್‌ಗೆ ಸ್ಕ್ರೂ ಡ್ರೈವರ್ ಚುಚ್ಚಿದರೆ ನೆನೆದ ರಸ್ಕಿಗೆ ಚುಚ್ಚಿದ ಹಾಗೆ ಒಳಗೆ ಹೋಗುತ್ತಿತ್ತು. ಕುದುರೆ ಉಚ್ಚೆ ವರ್ಷಗಟ್ಟಲೆ ಮ್ಯಾಟ್ ಅಡಿಯಲ್ಲಿ ನಿಂತು ಮರ ಕೊಳೆತಿತ್ತು, ಪಕ್ಕದ ಕಬ್ಬಿಣಕ್ಕೂ ತುಕ್ಕು. ಓಡುತ್ತಿರುವ ಗಾಡಿಯಲ್ಲಿ ನೆಲ ಮುರಿದು ಕುದುರೆಯ ಕಾಲು ಕೆಳಗೆ ಹೋದರೆ ಆಗುವುದನ್ನು ಬರೆಯಲು ನನಗೆ ಮನಸ್ಸಿಲ್ಲ. ಅಲ್ಯೂಮಿನಿಯಂ ನೆಲ ಆದರೆ ಕೊಳೆಯುವುದಿಲ್ಲ, ಆದರೆ ಅದನ್ನೂ ಉಚ್ಚೆ ತಿನ್ನುತ್ತದೆ, ಹಾಗಾಗಿ ಅದನ್ನೂ ಅಡಿಯಿಂದ ನೋಡಲೇಬೇಕು. ನೆಲ ತೋರಿಸಲು ಒಪ್ಪದವರ ಗಾಡಿ ಬೇಡವೇ ಬೇಡ.

ಒಳಗಿನ ಜೋಡಣೆ ಬಗ್ಗೆ ನನಗೆ ಮೊದಲು ಏನೂ ಗೊತ್ತಿರಲಿಲ್ಲ. ಈ ವ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಕುದುರೆ ಗಾಡಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲುತ್ತದೆ. ಬ್ರೇಕ್ ಹಾಕಿದಾಗ ಭಾರ ಹಿಂಗಾಲಿನ ಕಡೆ ಹೋಗುತ್ತದೆ, ತಲೆ ಎದುರಿನ ಗೋಡೆಗೆ ಹೊಡೆಯುವುದಿಲ್ಲ. ಬ್ರಾಂಬಲ್ ಹೀಗೆ ನಿಂತರೆ ಶಾಂತವಾಗಿರುತ್ತಾಳೆ ಅನ್ನುವುದು ನಾನೇ ಕಂಡದ್ದು. ಎರಡು ಕುದುರೆ ನಡುವಿನ ತಡೆ ನೆಲದವರೆಗೂ ಗಟ್ಟಿಯಾಗಿ ಇರಬಾರದು. ತಿರುವಿನಲ್ಲಿ ಕುದುರೆ ಕಾಲು ಅಗಲಿಸಿ ನಿಂತು ತೂಗಿಸಿಕೊಳ್ಳಬೇಕು, ಅದಕ್ಕೆ ಕೆಳಗೆ ಜಾಗ ಬೇಕು. ಎದೆಗೆ ಅಡ್ಡ ಇರುವ ಕಂಬಿಯನ್ನು ಹೊರಗಿನಿಂದಲೇ ಬಿಚ್ಚಲು ಬರಬೇಕು. ಕುದುರೆ ಗಾಬರಿಯಲ್ಲಿ ಅದರ ಮೇಲೆ ಕಾಲು ಹಾಕಿಕೊಂಡರೆ ಒಳಗೆ ಹೋಗಿ ಬಿಚ್ಚುವುದು ಆಗದ ಮಾತು. ಹಾಗೇ ಒಳಗಿರುವ ಮನುಷ್ಯರು ರ‍್ಯಾಂಪ್ ಇಳಿಸದೆ ಹೊರಬರಲು ಒಂದು ಚಿಕ್ಕ ಬಾಗಿಲು ಇರಲೇಬೇಕು. ರ‍್ಯಾಂಪನ್ನು ಮಗಳು ಒಬ್ಬಳೇ ಎತ್ತಿ ಮುಚ್ಚಲು ಆಗುತ್ತದಾ ಅಂತ ಅವಳ ಕೈಯಲ್ಲೇ ಮಾಡಿಸಿ ನೋಡಿದೆವು. ಸ್ಪ್ರಿಂಗ್ ಸೋತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಮೂರನೇ ಗಾಡಿಯನ್ನು ಮಾರುತ್ತಿದ್ದವರು ಫೋನ್‌ನಲ್ಲೇ ತೂಕದ ಚೀಟಿಯ ಫೋಟೋ ಕಳಿಸಿದರು. ಬೆಂಚಿಲ್ಲ, ಒಲೆ ಇಲ್ಲ, ಜೀನು ನೇತುಹಾಕಲು ಎರಡು ಕಂಬಿ ಅಷ್ಟೇ. ಆದರೂ ನಾವೇ ಮತ್ತೆ ತೂಗಿಸಿದೆವು. ನಾನು ಕೂತು, ಟ್ಯಾಂಕ್ ತುಂಬಿ, 2,390 ಕೆಜಿ. ಅಂದರೆ 1,110 ಉಳಿಯಿತು. ಎರಡು ಕುದುರೆ, ಇಬ್ಬರು ಹುಡುಗಿಯರು, ಸಾಮಾನು ಸೇರಿ ನಮ್ಮ ಲೆಕ್ಕ 1,045. ಅರವತ್ತೈದು ಕೆಜಿ ಮಿಕ್ಕಿತು. ತುಂಬಾ ಅಲ್ಲ, ಆದರೆ ಸಾಕು.

ಒಂದು ಕೆಲಸ ಎಲ್ಲರೂ ಮಾಡಬೇಕು ಅಂತ ನನ್ನ ಆಸೆ. ಗಾಡಿ ಮಾರುತ್ತಿದ್ದವರ ಫಾರ್ಮ್ ಒಳಗಿನ ಖಾಸಗಿ ದಾರಿಯಲ್ಲಿ ನಮ್ಮನೆಯವರು ನಿಧಾನಕ್ಕೆ ಗಾಡಿ ಓಡಿಸಿದರು, ನಾನು ಕುದುರೆ ನಿಲ್ಲುವ ಜಾಗದಲ್ಲೇ ನಿಂತೆ, ಕಂಬಿ ಹಿಡಿದುಕೊಂಡು. ಗಂಟೆಗೆ ಹತ್ತು ಮೈಲಿಯೂ ಇರಲಿಲ್ಲ. ಆದರೂ ತಿರುವಿನಲ್ಲಿ ಮೈ ಎಷ್ಟು ವಾಲುತ್ತದೆ, ನಡುವಿನ ತಡೆಯ ಕೊಂಡಿ ಕಿವಿ ಪಕ್ಕದಲ್ಲೇ ಹೇಗೆ ಟಣಟಣ ಬಡಿಯುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಲ್ಲ ಗೊತ್ತಾಯಿತು. ಕೊಂಡಿಗೆ ಈಗ ರಬ್ಬರ್ ಸುತ್ತಿದ್ದೇವೆ. ಅಲ್ಲಿ ನಿಂತು ಬಂದ ಮೇಲೆ ನಾನು ಗಾಡಿ ಓಡಿಸುವ ರೀತಿಯೇ ಬದಲಾಗಿದೆ.

ಕಾಗದ ಪತ್ರದ ಕೆಲಸ ಬೇಗ ಮುಗಿಯಿತು. ನಂಬರ್ ಹಾಕಿದರೆ ಎಂಒಟಿಯ, ಅಂದರೆ ವರ್ಷಕ್ಕೊಮ್ಮೆ ಮಾಡಿಸುವ ಗಾಡಿ ತಪಾಸಣೆಯ, ಹಳೆಯ ಇತಿಹಾಸ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಎಲ್ಲಿ ತುಕ್ಕು ಹಿಡಿದಿದೆ ಅಂತಲೂ ಬರೆದಿರುತ್ತಾರೆ. ಗಾಡಿ ಮೇಲೆ ಸಾಲ ಉಳಿದಿದೆಯಾ ಅಂತ ಕೆಲವು ಪೌಂಡ್ ಕೊಟ್ಟು ನೋಡಿದೆವು. ಲಂಡನ್ ಕಡೆ ಹೋಗುವವರು ಎಂಜಿನ್ ಯೂರೋ 6 (ಕಡಿಮೆ ಹೊಗೆಯ ಮಾನದಂಡ) ಅಂತ ಖಚಿತ ಮಾಡಿಕೊಳ್ಳಿ. 2023ರ ಆಗಸ್ಟ್ 29ರಿಂದ ಇಡೀ ಲಂಡನ್‌ಗೆ ಆ ನಿಯಮ ಇದೆ, ಹಳೆಯ ಡೀಸೆಲ್ ವ್ಯಾನ್‌ಗೆ ದಿನಕ್ಕೆ 12.50 ಪೌಂಡ್. ನಮ್ಮ 2.3 ಲೀಟರ್ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಅಲ್ಲ, ಚೈನ್ ಇದೆ. ಬೆಲ್ಟ್ ಬದಲಿಸುವ ಒಂದು ಖರ್ಚು ಕಡಿಮೆ. ಮುಂದಿನ ಚಕ್ರಕ್ಕೆ ಎಳೆತ ಇರುವ ಕಾರಣ ನೆಲ ತಗ್ಗಾಗಿದೆ, ರ‍್ಯಾಂಪ್ ಅಷ್ಟು ಕಡಿದಾಗಿಲ್ಲ. ಆದರೆ ಕುದುರೆ ತುಂಬಿದಾಗ ಒದ್ದೆ ಹುಲ್ಲಿನ ಮೇಲೆ ಚಕ್ರ ಜಾರುತ್ತದೆ. ಮಳೆಗಾಲದಲ್ಲಿ ಮೈದಾನದ ಗೇಟಿನ ಹತ್ತಿರವೇ ನಿಲ್ಲಿಸಬೇಕು.

ಕೆಟ್ಟು ನಿಂತರೆ ಬರುವ ಸಾಮಾನ್ಯ ರಿಕವರಿ ಸೇವೆಯವರು ಗಾಡಿ ಎಳೆದುಕೊಂಡು ಹೋಗುತ್ತಾರೆ, ಕುದುರೆಯನ್ನು ಒಯ್ಯುವುದಿಲ್ಲ. ಕುದುರೆಯನ್ನೂ ಸಾಗಿಸುವ ಪಾಲಿಸಿ ಬೇರೆ ಇದೆ, ಅದನ್ನೇ ಕೇಳಿ ತಗೊಂಡೆವು. ಕುದುರೆಯ ಪಾಸ್‌ಪೋರ್ಟ್ ಈಗ ಗಾಡಿಯಲ್ಲೇ ಒಂದು ಚೀಲದಲ್ಲಿದೆ. ಪ್ರಯಾಣದಲ್ಲಿ ಅದು ಜೊತೆಗಿರಬೇಕು ಅಂತ ಕಾನೂನು.

ಒಂದನ್ನು ಮಾತ್ರ ಕೊಳ್ಳುವ ಮುಂಚೆ ನಾವು ನೋಡಲಿಲ್ಲ. ಟೈರಿನ ವಯಸ್ಸು. ಕುದುರೆ ಗಾಡಿಗಳು ಓಡುವುದು ಕಡಿಮೆ, ನಿಂತಿರುವುದೇ ಜಾಸ್ತಿ. ಗೀರು ಸವೆದಿರುವುದಿಲ್ಲ, ನೋಡಿದರೆ ಹೊಸದರ ಹಾಗೇ ಇರುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮ ಹಿಂದಿನ ಎರಡಕ್ಕೂ 4816 ಅಂತಿದೆ. ಅಂದರೆ 2016ರ ನಲವತ್ತೆಂಟನೇ ವಾರ, ಗಾಡಿ ಜೊತೆಗೇ ಬಂದ ಟೈರು. ಬೆಳಕು ಬಿಟ್ಟು ನೋಡಿದರೆ ಪಕ್ಕದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕು. ಒಂದು ಟನ್ ಜೀವದ ಭಾರ ಅದರ ಮೇಲೆ ಹಾಕಲು ನನ್ನಿಂದಾಗದು.

ಹೊಸ ಟೈರು ಮಂಗಳವಾರ ಬರುತ್ತದೆ. ಅಲ್ಲಿಯವರೆಗೂ ಗಾಡಿ ಅಂಗಳ ಬಿಟ್ಟು ಹೊರಡುವುದಿಲ್ಲ. ದಿನಾ ಸಂಜೆ ಬ್ರಾಂಬಲ್‌ಳನ್ನು ನಿಂತ ಗಾಡಿಗೆ ಹತ್ತಿಸಿ, ಒಂದು ಬಲೆ ಹುಲ್ಲು ಕಟ್ಟಿ, ತಿಂದಾದ ಮೇಲೆ ಇಳಿಸುತ್ತಿದ್ದೇವೆ. ಮೊದಲ ದಿನ ರ‍್ಯಾಂಪ್ ಮೇಲೆ ಗೊರಸು ಇಟ್ಟಾಗ ಬಂದ ಟೊಳ್ಳು ಸದ್ದಿಗೆ ಬೆಚ್ಚಿ ಹಿಂದಕ್ಕೆ ಹೋಗಿದ್ದಳು. ನಿನ್ನೆ ಮಗಳು ಹಗ್ಗ ಸಡಿಲ ಬಿಟ್ಟು ಮುಂದೆ ನಡೆದಳು, ಇವಳು ಹಿಂದೆಯೇ ಹತ್ತಿ, ತಾನಾಗೇ ತಿರುಗಿ ನಿಂತು, ಹುಲ್ಲಿಗೆ ಬಾಯಿ ಹಾಕಿದಳು.