ಮಲೇರಿಯಾ ನೆಗೆಟಿವ್ ಎಂದು ಬರೆಯುವ ಮೊದಲು

ಬ್ಲಡ್ ಬ್ಯಾಂಕಿನಲ್ಲಿ ಪ್ರತಿ ಬ್ಯಾಗಿಗೂ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಇವುಗಳಲ್ಲಿ ತೀರಾ ಕಡಿಮೆ ನಂಬಬೇಕಾದ ನೆಗೆಟಿವ್ ಮಲೇರಿಯಾದ್ದು. ರ‍್ಯಾಪಿಡ್ ಕಾರ್ಡಿನಲ್ಲಿ (ರಕ್ತದ ಹನಿ ಹಾಕಿ ಗೆರೆ ನೋಡುವ ಪರೀಕ್ಷೆ) ಗೆರೆ ಮೂಡಲು ಮೈಕ್ರೋಲೀಟರ್ (ಮಿ.ಲೀ.ನ ಸಾವಿರದ ಒಂದು ಪಾಲು) ರಕ್ತಕ್ಕೆ ಸುಮಾರು 100 ಮಲೇರಿಯಾ ಪರಾವಲಂಬಿ ಬೇಕು. ಮೈಕ್ರೋಲೀಟರಿಗೆ ಒಂದೇ ಒಂದು ಇದ್ದರೂ 350 ಮಿ.ಲೀ. ಬ್ಯಾಗಿನಲ್ಲಿ ಮೂರೂವರೆ ಲಕ್ಷ ಆಯಿತು! ಫ್ರಿಜ್ಜಿನ 2–6 ಡಿಗ್ರಿ ಚಳಿಯಲ್ಲೂ ಅವು ವಾರಕ್ಕೂ ಮಿಕ್ಕಿ ಬದುಕುತ್ತವೆ.

ಹಾಗಾಗಿ ಮೊದಲ ಜರಡಿ ದಾನಿಯನ್ನು ಮಾತಾಡಿಸುವ ಮೇಜಿನಲ್ಲೇ ಇದೆ. "ಮಲೇರಿಯಾ ಬಂದಿತ್ತಾ?" ಅಂದರೆ ಬಹಳ ಮಂದಿ "ಇಲ್ಲ" ಅಂದುಬಿಡುತ್ತಾರೆ. "ಚಳಿಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿದ್ರಾ? 14 ದಿನದ ಮಾತ್ರೆ ಕೊಟ್ಟಿದ್ರಾ, ಪೂರ್ತಿ ಮುಗಿಸಿದ್ರಾ?" ಎಂದು ಕೇಳಿ. ಮಂಗಳೂರಿನ ಕಡೆ ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಹೆಚ್ಚು. ಜ್ವರ ಬಿಟ್ಟಿತೆಂದು ಪ್ರಿಮಾಕ್ವಿನ್ (ಆ 14 ದಿನದ ಮಾತ್ರೆ) ಅರ್ಧಕ್ಕೆ ಬಿಟ್ಟವರ ಯಕೃತ್ತಿನಲ್ಲಿ ಪರಾವಲಂಬಿ ಮಲಗಿದ್ದು, ತಿಂಗಳುಗಳಾದ ಮೇಲೆ ಮತ್ತೆ ರಕ್ತಕ್ಕೆ ಬರಬಹುದು. ಗುಣವಾದವರಿಗೆ 3 ತಿಂಗಳು ಕಾಯುವ ನಿಯಮವಿದೆ. ಮಾತ್ರೆ ಮುಗಿಸದವರನ್ನು ಮೊದಲು ವೈದ್ಯರ ಬಳಿ ಕಳಿಸಿ.

ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡಿಗೆ ಬಂದರೆ, ಅದರ ಮೇಲಿನ ದಪ್ಪ ಲೇಪಕ್ಕೆ 6 ಮೈಕ್ರೋಲೀಟರ್ ರಕ್ತ, 12 ಮಿ.ಮೀ. ಅಗಲ. ಹಸಿ ಲೇಪವನ್ನು ಪೇಪರಿನ ಮೇಲಿಟ್ಟರೆ ಕೆಳಗಿನ ಅಕ್ಷರ ಮಸುಕಾಗಿಯಾದರೂ ಓದಲು ಬರಬೇಕು. ಮಳೆಗಾಲದಲ್ಲಿ ಬೇಗ ಒಣಗದೆಂದು ಬಿಸಿ ತೋರಿಸುವವರಿದ್ದಾರೆ. ದಯವಿಟ್ಟು ಬೇಡ. ಬಿಸಿ ತಾಗಿದರೂ, ಪಕ್ಕದ ತೆಳು ಲೇಪಕ್ಕೆ ಹಾಕಿದ ಮೆಥನಾಲ್ ಹರಿದು ತಾಗಿದರೂ, ಬಣ್ಣ ಹಾಕುವಾಗ ಒಡೆಯಬೇಕಾದ ಕೆಂಪು ಕಣಗಳು ಒಡೆಯುವುದಿಲ್ಲ, ಲೇಪ ಪೂರ್ತಿ ಮಬ್ಬು. ಸಮತಟ್ಟಾಗಿಟ್ಟು ಫ್ಯಾನ್ ಗಾಳಿಗೆ ಒಣಗಿಸಿ. ಆಮೇಲೆ ಬಣ್ಣ: 3% ಜೀಮ್ಸಾ, ಅದನ್ನು ಬೆರೆಸುವ ಬಫರ್ ದ್ರಾವಣದ ಪಿಎಚ್ 7.2, 45 ನಿಮಿಷ. ಬಫರ್ ಆಮ್ಲೀಯವಾದರೆ ಕೆಂಪು ಕಣದೊಳಗೆ ಮೂಡುವ, ವೈವಾಕ್ಸಿನ ಗುರುತಾದ ಶೂಫ್ನರ್ ಚುಕ್ಕೆಗಳೇ ಕಾಣವು. ಎಣ್ಣೆ ಲೆನ್ಸಿನಲ್ಲಿ ಕನಿಷ್ಠ 100 ಫೀಲ್ಡ್ ನೋಡಿ. ಪ್ಲೇಟ್‌ಲೆಟ್ ನೋಡಿ ಮೋಸಹೋಗುವುದು ಇಲ್ಲೇ: ಕೆಂಪು ಚುಕ್ಕೆಯ ಜೊತೆ ನೀಲಿ ಸೈಟೋಪ್ಲಾಸಂ ಇದ್ದರಷ್ಟೇ ಪರಾವಲಂಬಿ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನಲ್ಲಿ ರಕ್ತ ಗಂಟೆಗಟ್ಟಲೆ ಕೂತರೆ ಪರಾವಲಂಬಿಗಳ ಆಕಾರ ಕೆಡುತ್ತದೆ, ಬೇಗ ಲೇಪ ಎಳೆಯಿರಿ.

ಕಾರ್ಡನ್ನು ಕಿಟ್ಟಿನಲ್ಲಿ ಬರೆದ ನಿಮಿಷಕ್ಕೇ ಓದಿ; ತಡವಾಗಿ ಮೂಡಿದ ಗೆರೆಗೆ ಬೆಲೆಯಿಲ್ಲ. ಮಲೇರಿಯಾದ ಇನ್ನೊಂದು ಬಗೆಯಾದ ಫಾಲ್ಸಿಪಾರಂನ ಗೆರೆ ಚಿಕಿತ್ಸೆ ಮುಗಿದ ಮೇಲೂ ವಾರಗಟ್ಟಲೆ ಬರುತ್ತದೆ, ಆದರೂ ಆ ಬ್ಯಾಗ್ ಕೊಡುವಂತಿಲ್ಲ.

ರಕ್ತ ಪಡೆದವರಿಗೆ ಒಂದೆರಡು ವಾರದಲ್ಲಿ ಚಳಿಜ್ವರ ಬಂತೆಂದು ವಾರ್ಡಿನಿಂದ ಫೋನ್ ಬಂದರೆ ಸ್ಲೈಡ್ ಮಾಡಿಸಿ, ಅದೇ ದಾನಿಯ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಯಾರಿಗೆ ಹೋಗಿದೆ ಎಂದು ರಿಜಿಸ್ಟರ್ ತೆಗೆದು ಅಂದೇ ಹುಡುಕಿ.