ಎರಡು ಬೇಸಿಗೆ, ಒಂದು ಲೆನ್ಸು, ಊರ ತುಂಬ ನಾಯಿಗಳು

ಪ್ರಾಣಿಗಳ ಫೋಟೋ ತೆಗೆಯುವುದೇ ಕೆಲಸ ಅಂದರೆ ಈಗಲೂ ಕೆಲವರು "ಅದಕ್ಕೆಲ್ಲ ದುಡ್ಡು ಕೊಡ್ತಾರಾ?" ಅಂತ ಕೇಳುತ್ತಾರೆ. ಕೊಡುತ್ತಾರೆ. ಶನಿವಾರ, ಭಾನುವಾರ ಬೆಂಗಳೂರಿನಲ್ಲಿ ನಾಯಿ, ಬೆಕ್ಕು. ಬೇಸಿಗೆಯಲ್ಲಿ ಕ್ಯಾಮೆರಾ ಕಲಿಯುವ ಆಸೆ ಇರುವವರನ್ನು ಕರೆದುಕೊಂಡು ಕಬಿನಿ, ಬಂಡೀಪುರ. ಇಷ್ಟೇ ನನ್ನ ಸಂಪಾದನೆ. ಸಂಬಳ, ಪಿಎಫ್, ಏನೂ ಇಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಕಬಿನಿ ಹಿನ್ನೀರು ಇಳಿಯುತ್ತದೆ. ನೀರು ಬಿಟ್ಟ ಜಾಗದಲ್ಲಿ ಎಳೆ ಹುಲ್ಲು ಬರುತ್ತದೆ, ಅದಕ್ಕೆ ಆನೆಗಳು ಹಿಂಡು ಹಿಂಡಾಗಿ ಬಂದು ಸೇರುತ್ತವೆ, ಗಿಡಗಳಲ್ಲಿ ಎಲೆ ಕಡಿಮೆ ಆಗಿರುವುದರಿಂದ ಹುಲಿ, ಚಿರತೆ ಕಾಣಿಸುವುದೂ ಜಾಸ್ತಿ. ವರ್ಷದ ಅರ್ಧ ಬಾಡಿಗೆ ಆ ಎರಡು ತಿಂಗಳಲ್ಲೇ ಹುಟ್ಟಬೇಕು. ಕೋವಿಡ್‌ನಿಂದ ದೇಶಕ್ಕೆಲ್ಲ ಬೀಗ ಬಿದ್ದಿದ್ದು 2020ರ ಮಾರ್ಚ್ 25ಕ್ಕೆ. ಮರುವರ್ಷ ನಮ್ಮ ರಾಜ್ಯ ಮತ್ತೆ ಮುಚ್ಚಿದ್ದು ಏಪ್ರಿಲ್ 27ಕ್ಕೆ. ಎರಡು ಸಲವೂ ಸರಿಯಾಗಿ ಸೀಸನ್ನಿನ ಬಾಯಿಗೇ ಬಂತು.

ಮುಚ್ಚಿದ್ದಕ್ಕಿಂತ, ತೆರೆದು ಮತ್ತೆ ಮುಚ್ಚಿದ್ದೇ ನನಗೆ ಹೆಚ್ಚು ಕಷ್ಟ ಆಗಿದ್ದು. 2020ರ ಜೂನ್‌ನಲ್ಲಿ ಒಂದೊಂದೇ ಫೋನ್ ಬರಲು ಶುರುವಾಗಿ, ಡೈರಿಯಲ್ಲಿ ನಾಲ್ಕು ಹೆಸರು ಬರೆದುಕೊಳ್ಳುವಷ್ಟರಲ್ಲಿ ಜುಲೈ 14ರ ರಾತ್ರಿಯಿಂದ ಬೆಂಗಳೂರಿಗೆ ಮತ್ತೆ ಒಂದು ವಾರ ಲಾಕ್‌ಡೌನ್. ಒಂದು ವಾರ ತಾನೇ ಅಂತ ಅನಿಸುತ್ತದೆ, ಅಲ್ವಾ? ಆದರೆ ಗಿರಾಕಿಗೆ ಒಂದು ಸಲ ಹೆದರಿಕೆ ಬಂದರೆ ಒಂದು ವಾರಕ್ಕೆ ಹೋಗುವುದಿಲ್ಲ. ಮೊದಲ ಸಲ ಅಡ್ವಾನ್ಸ್ ಎಲ್ಲ ವಾಪಸ್ ಕೊಟ್ಟಿದ್ದೆ. ಜುಲೈ ಆದ ಮೇಲೆ ನಿಯಮ ಬದಲಾಯಿಸಿದೆ: ಸರ್ಕಾರ ಮುಚ್ಚಿದರೆ ದಿನ ಮುಂದಕ್ಕೆ ಹೋಗುತ್ತದೆ, ದುಡ್ಡು ವಾಪಸ್ ಇಲ್ಲ, ಎಷ್ಟು ಸಲ ಬೇಕಾದರೂ ಮುಂದಕ್ಕೆ ಹಾಕಬಹುದು. ಒಬ್ಬಿಬ್ಬರು ಗೊಣಗಿದರು. ಉಳಿದವರು ಒಪ್ಪಿದರು.

ಲೆನ್ಸಿನ ಸಾಲದ ಕಂತು ಇತ್ತು. ಮಾರ್ಚ್ ಕೊನೆಯಲ್ಲಿ ಆರ್‌ಬಿಐ ಮೂರು ತಿಂಗಳು ಕಂತು ಮುಂದೂಡಲು ಬಿಟ್ಟಿತು, ಆಮೇಲೆ ಆಗಸ್ಟ್ 31ರವರೆಗೆ ಬೆಳೆಸಿತು. ಉಸಿರಾಡಲು ಜಾಗ ಸಿಕ್ಕಿತು ನಿಜ, ಆದರೆ ಬಡ್ಡಿ ಓಡುತ್ತಲೇ ಇತ್ತು. ಕೈಯಲ್ಲಿ ಸ್ವಲ್ಪ ಇದ್ದವರು ಕಟ್ಟಿಬಿಡುವುದೇ ವಾಸಿ ಅಂತ ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಇನ್ನೊಂದು, ಕ್ಯಾಮೆರಾವನ್ನು ಬ್ಯಾಗಿನಲ್ಲಿ ಮುಚ್ಚಿಟ್ಟು ಮರೆಯಬೇಡಿ. ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಅಡುಗೆಮನೆ ಡಬ್ಬ, ಒಳಗೆ ಸಿಲಿಕಾ ಜೆಲ್, ಅಷ್ಟು ಸಾಕು.

ಬಾಲ್ಕನಿಯಲ್ಲೇ ಫೋಟೋ ತೆಗೀರಿ ಅಂತ ಆಗ ಎಲ್ಲರೂ ಉಪದೇಶ ಮಾಡುತ್ತಿದ್ದರು. ನಾನೂ ತೆಗೆದೆ. ಪಿಕಳಾರ, ಅಳಿಲು, ಕುಂಡದ ಮೇಲಿನ ಜೇಡ. ಚೆನ್ನಾಗಿ ಬಂದವು. ಅದರಿಂದ ಒಂದು ರೂಪಾಯಿ ಬರಲಿಲ್ಲ.

ದುಡ್ಡು ಬಂದಿದ್ದು ಗೇಟಿನಾಚೆಯಿಂದ. ಕಾಡಿಗೆ ಅಂತ ಕೊಂಡಿದ್ದ ಉದ್ದನೆಯ ಲೆನ್ಸು ಇತ್ತಲ್ಲ, ಅದಕ್ಕೆ ಆರು ಅಡಿ ಅಂತರವೇನು, ಅರವತ್ತು ಅಡಿಯಾದರೂ ಲೆಕ್ಕಕ್ಕಿಲ್ಲ. ನಿರ್ಬಂಧ ಸಡಿಲವಾದಾಗೆಲ್ಲ ನಾನು ರಸ್ತೆಯಲ್ಲಿ, ಮನೆಯವರು ಮತ್ತು ನಾಯಿ ಕಾಂಪೌಂಡಿನಲ್ಲಿ. ಗ್ರಿಲ್ಲಿನ ಸಂದಿಯಲ್ಲಿ ಲೆನ್ಸ್ ಇಟ್ಟು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಪೂರ್ತಿ ತೆರೆದರೆ ಕಂಬಿ ಕಾಣುವುದೇ ಇಲ್ಲ. ತೊಂದರೆ ಆಗಿದ್ದು ಮಾಸ್ಕಿನಿಂದ. ನಾಯಿ ತಲೆ ವಾರೆ ಮಾಡಿ ನೋಡಲಿ ಅಂತ ನಾವು ಬಾಯಲ್ಲಿ ಏನೇನೋ ಸದ್ದು ಮಾಡುತ್ತೇವೆ, ಮಾಸ್ಕ್ ಹಾಕಿಕೊಂಡರೆ ಅದು ಗೊರಕೆ ಥರ ಕೇಳುತ್ತದೆ. ಕೊನೆಗೆ ಒತ್ತಿದರೆ ಕುಂಯ್ ಅನ್ನುವ ಆಟಿಕೆ ಜೇಬಿನಲ್ಲಿ ಇಟ್ಟುಕೊಂಡೆ.

ಲಾಕ್‌ಡೌನ್ ಮರಿಗಳದ್ದು ಬೇರೆಯೇ ಕಥೆ. ನಾಯಿಮರಿ ಹುಟ್ಟಿದ ಸುಮಾರು 3ರಿಂದ 14 ವಾರದೊಳಗೆ ಹೊರಗಿನವರನ್ನು, ಗಾಡಿ ಸದ್ದನ್ನು, ಬೇರೆ ನಾಯಿಗಳನ್ನು ನೋಡಿ ಅಭ್ಯಾಸ ಆಗಬೇಕು. 2020ರಲ್ಲಿ ಮನೆಗೆ ಬಂದ ಎಷ್ಟೋ ಮರಿಗಳು ಆ ವಯಸ್ಸಿನಲ್ಲಿ ಮನೆಯ ನಾಲ್ಕು ಜನರನ್ನು ಬಿಟ್ಟು ಇನ್ಯಾರನ್ನೂ ನೋಡಿರಲಿಲ್ಲ. ಮರುವರ್ಷ ಅವುಗಳ ಫೋಟೋ ತೆಗೆಯಲು ಹೋದರೆ ಸೋಫಾ ಕೆಳಗೆ ಸೇರಿಕೊಂಡು ಹೊರಗೆ ಬರುತ್ತಲೇ ಇರಲಿಲ್ಲ. "ನಮ್ಮ ಹತ್ರ ಎಷ್ಟು ಚೂಟಿ ಗೊತ್ತಾ ಇವ್ನು" ಅಂತ ಮನೆಯವರಿಗೆ ಮುಜುಗರ. ಅಂಥ ಮನೆಗಳಲ್ಲಿ ಮೊದಲ ಅರ್ಧ ಗಂಟೆ ಕ್ಯಾಮೆರಾ ತೆಗೆಯುವುದೇ ಇಲ್ಲ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು, ಕಾಫಿ ಕುಡಿಯುತ್ತಾ, ನಾಯಿ ಕಡೆ ನೋಡದೆ ಸುಮ್ನೆ ಇರುತ್ತೇನೆ. ಅದೇ ಬಂದು ಮೂಸಿ ನೋಡಿದ ಮೇಲೆ ಕೆಲಸ ಶುರು.

ಬೀದಿ ನಾಯಿಗಳಿಗೆ ಮೊದಲ ಲಾಕ್‌ಡೌನ್ ಬಹಳ ಕೆಟ್ಟದಿತ್ತು. ದರ್ಶಿನಿ, ಮಾಂಸದಂಗಡಿ ಮುಚ್ಚಿದ್ದರಿಂದ ಅವಕ್ಕೆ ಊಟವೇ ಇಲ್ಲ. ನಮ್ಮ ಬೀದಿಯಲ್ಲಿ ಅನ್ನ ಹಾಕುತ್ತಿದ್ದ ಆಂಟಿಯೊಬ್ಬರು "ಮರಿಗಳಿಗೆ ಒಂದು ಮನೆ ಆಗ್ಬೇಕು, ಒಳ್ಳೇ ಫೋಟೋ ತೆಗೆದುಕೊಡಪ್ಪ" ಅಂದರು. ಅದೇ ಸಮಯಕ್ಕೆ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹುಲಿಗೆ ಕೋವಿಡ್ ಬಂದ ಸುದ್ದಿ ಬಂದು, ಸಾಕುಪ್ರಾಣಿ ಅಂದರೇ ಜನ ಹೆದರುತ್ತಿದ್ದರು. ಮರಿಯ ಕಣ್ಣಿನ ಮಟ್ಟಕ್ಕೆ ಮಲಗಿ, ಹಿಂದೆ ಖಾಲಿ ಗೋಡೆ ಇಟ್ಟುಕೊಂಡು ತೆಗೆದ ಫೋಟೋಗಳು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಮರಿಗಳನ್ನು ಕರೆದುಕೊಂಡು ಹೋದವರೇ ಆಮೇಲೆ ನನ್ನ ಒಳ್ಳೆಯ ಗಿರಾಕಿಗಳಾದರು.

2021ರ ಮೇ ತಿಂಗಳ ಬಗ್ಗೆ ಜಾಸ್ತಿ ಬರೆಯಲು ಆಗುವುದಿಲ್ಲ. ಬೆಳಿಗ್ಗೆ ಹತ್ತರವರೆಗೆ ಅಂಗಡಿ, ಆಮೇಲೆ ದಿನವಿಡೀ ಆಂಬುಲೆನ್ಸ್. ಹಳೆಯ ಗಿರಾಕಿಗಳಿಂದ ಆಗ ಬರುತ್ತಿದ್ದ ಫೋನುಗಳೆಲ್ಲ ಒಂದೇ ಥರ: "ಅಪ್ಪ ನಾಯಿ ಜೊತೆ ಕೂತಿರೋ ಫೋಟೋ ಇನ್ನೂ ಇದೆಯಾ?" ನಾಯಿ ಕಣ್ಣು ಮುಚ್ಚಿದೆ, ಫೋಕಸ್ ಹೋಗಿದೆ ಅಂತ ಬದಿಗಿಟ್ಟಿದ್ದ ಫೈಲುಗಳನ್ನೆಲ್ಲ ಹಾರ್ಡ್‌ಡಿಸ್ಕಿನಿಂದ ಹುಡುಕಿ ತೆಗೆದೆ. ಅವರಿಗೆ ನಾಯಿ ಬೇಕಿರಲಿಲ್ಲ, ಅಪ್ಪ ನಗುತ್ತಿದ್ದರೆ ಸಾಕಿತ್ತು. ಆವತ್ತಿನಿಂದ ಮನುಷ್ಯರು ಇರುವ ಯಾವ ಫ್ರೇಮನ್ನೂ ಅಳಿಸಿಲ್ಲ.

2022ರ ಜನವರಿಯಲ್ಲಿ ವೀಕೆಂಡ್ ಕರ್ಫ್ಯೂ ಬಂದಾಗ ನಗುವೇ ಬಂತು, ನಾನು ದುಡಿಯುವುದೇ ಆ ಎರಡು ದಿನ! ಆದರೆ ಎಲ್ಲರೂ ಮನೆಯಿಂದಲೇ ಆಫೀಸ್ ಮಾಡುತ್ತಿದ್ದರಲ್ಲ, ಬುಧವಾರ ಬೆಳಿಗ್ಗೆ ಎಂಟಕ್ಕೆ ಬರಲಾ ಅಂತ ಕೇಳಿದೆ. ಧಾರಾಳವಾಗಿ ಒಪ್ಪಿದರು. 21ಕ್ಕೆ ಆ ಕರ್ಫ್ಯೂ ತೆಗೆದರು, ಬುಧವಾರದ ಶೂಟ್‌ಗಳು ಮಾತ್ರ ಹಾಗೇ ಉಳಿದವು. ಗೇಟಿನಾಚೆಯಿಂದ ತೆಗೆಯುವುದನ್ನೂ ಕೆಲವರು ಈಗಲೂ ಕೇಳುತ್ತಾರೆ, ವಯಸ್ಸಾದ ನಾಯಿಗೆ ಹೊಸಬರು ಮನೆಯೊಳಗೆ ಬಂದರೆ ಆಗುವುದಿಲ್ಲ ಅಂತ. ಹೊರಗೆ ನಿಂತೇ ತೆಗೀತೀರಲ್ಲ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಅಂತಾರೆ. ಮಾಡಲ್ಲ.