ಹಾಕಿದ ಬೀಗ ಹಾಕಿದಂತೆಯೇ ಇತ್ತು

ತುಮಕೂರು ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ನಾನು ಏಳನೆಯ ತರಗತಿಯಲ್ಲಿದ್ದಾಗ, ಪಾವಗಡದ ಕಡೆಯ ಸಹಪಾಠಿಯೊಬ್ಬನ ಟ್ರಂಕಿನಿಂದ ಒಂದು ಡಬ್ಬಿ ಕಡಲೆಕಾಯಿ ಉಂಡೆ ಕಾಣೆಯಾಯಿತು. ಹಾಕಿದ ಬೀಗ ಹಾಕಿದಂತೆಯೇ ಇತ್ತು. ಬೀಗದ ಕೈ ಅವನ ಉಡಿದಾರದಲ್ಲಿ ಭದ್ರವಾಗಿತ್ತು. ನಲವತ್ತು ಹುಡುಗರು ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದ ಆ ಕೊಠಡಿಯಲ್ಲಿ ಟ್ರಂಕಿನ ಒಳಗನ್ನು ಬಿಟ್ಟರೆ ಯಾರಿಗೂ ತನ್ನದೆನ್ನುವ ಜಾಗ ಇರಲಿಲ್ಲವಾದ್ದರಿಂದ, ಉಂಡೆ ಹೋದುದಕ್ಕಿಂತ ಬೀಗ ಮುರಿಯದೆ ಟ್ರಂಕು ತೆರೆದುಕೊಂಡ ಸಂಗತಿಯೇ ನಮ್ಮೆಲ್ಲರ ನಿದ್ದೆ ಕೆಡಿಸಿತು.

ಮೂರನೆಯ ದಿನ ಟ್ರಂಕನ್ನು ಗೋಡೆಯಿಂದ ಈಚೆಗೆಳೆದು ನೋಡಿದೆವು. ಹಿಂಬದಿಯಲ್ಲಿ ಮುಚ್ಚಳವನ್ನು ಹಿಡಿದಿದ್ದ ಹಿಂಜುಗಳ ಕಡ್ಡಿಗಳ ತುದಿಯಲ್ಲಿ ತುಕ್ಕು ಉದುರಿ, ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಒಂದು ಮೊಳೆಯಿಂದ ಆ ಕಡ್ಡಿಗಳನ್ನು ತಳ್ಳಿ ತೆಗೆದರೆ ಮುಚ್ಚಳ ಹಿಂದಿನಿಂದ ಮೇಲೇಳುತ್ತದೆ, ಮುಂದಿನ ಬೀಗ ಇದ್ದಲ್ಲೇ ನೇತಾಡುತ್ತಿರುತ್ತದೆ. ಶನಿವಾರದ ಬಿಳಿ ಸಮವಸ್ತ್ರದ ತೋಳಂಚಿನಲ್ಲಿ ಕೆಂಗಂದು ಕಲೆ ಮಾಡಿಕೊಂಡಿದ್ದ ಒಬ್ಬನನ್ನು ಪ್ರಾರ್ಥನೆಯ ಸಾಲಿನಲ್ಲಿ ನಾವೆಲ್ಲ ನೋಡಿದ್ದೆವು, ನೋಡಿಯೂ ಗಮನಿಸಿರಲಿಲ್ಲ.

1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ನಿಯಮಗಳನ್ನು ಬರೆದಾಗ, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕೆಂಬುದನ್ನು ಅವುಗಳಲ್ಲಿ ಸೇರಿಸಿದ್ದರು. ಆ ತುಕ್ಕಿನ ಕಲೆ ಅಂಥದ್ದು. ವಸತಿ ಶಾಲೆಯಲ್ಲಿ ಇಂಥ ಸುಳಿವುಗಳಿಗೆ ಬರವಿಲ್ಲ: ಯಾರು ಎಷ್ಟು ಹೊತ್ತಿಗೆ ಎಲ್ಲಿರಬೇಕೆಂಬುದನ್ನು ಗಂಟೆಯೇ ಹೇಳುತ್ತದೆ, ರಾತ್ರಿಯ ಹಾಜರಿ ಯಾರಿಲ್ಲವೆಂಬುದನ್ನು ಬರೆದಿಡುತ್ತದೆ, ಪಕ್ಕದವನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರೆ ಊಟದ ಸಾಲಿನವರಿಗೆಲ್ಲ ತಿಳಿಯುತ್ತದೆ.

ಅಗಾಥಾ ಕ್ರಿಸ್ಟಿಯವರ ‘ಕ್ಯಾಟ್ ಅಮಂಗ್ ದ ಪಿಜನ್ಸ್’ (1959) ಹುಡುಗಿಯರ ವಸತಿ ಶಾಲೆಯಲ್ಲಿ ನಡೆಯುವ ಕೊಲೆಗಳ ಕಾದಂಬರಿ. ಟೆನಿಸ್ ರ್‍ಯಾಕೆಟ್ಟಿನ ಹಿಡಿಯೊಳಗೆ ಅಡಗಿದ್ದ ರತ್ನಗಳನ್ನು ಅಲ್ಲಿ ಕಂಡುಹಿಡಿಯುವವಳು ವಿದ್ಯಾರ್ಥಿನಿಯೇ. ಆದರೆ ಅವಳು ಶಾಲೆಯಿಂದ ಹೊರಟು ಹೋಗಿ ಕ್ರಿಸ್ಟಿಯವರ ಪತ್ತೇದಾರ ಪೊಯಿರೊನನ್ನು ಕಾಣುತ್ತಾಳೆ, ಅಲ್ಲಿಂದ ಮುಂದಿನದು ದೊಡ್ಡವರ ಕೆಲಸವಾಗುತ್ತದೆ. ಹದಿಹರೆಯದವರಿಗಾಗಿಯೇ ಬರೆಯುವ ಪತ್ತೇದಾರಿ ಕಥೆ ಆ ಭಾರವನ್ನು ಮಕ್ಕಳ ಕೈಯಿಂದ ಕಸಿದುಕೊಳ್ಳಬಾರದೆಂದು ನನ್ನ ದೃಢವಾದ ನಂಬಿಕೆ. ಊರಿನಲ್ಲಾದರೆ ಕಳ್ಳ ಸಿಕ್ಕಿದ ಮೇಲೆ ಕಥೆ ಮುಗಿಯುತ್ತದೆ. ಹಾಸ್ಟೆಲಿನಲ್ಲಿ ಹಾಗಲ್ಲ, ಕಂಡುಹಿಡಿದವನೂ ಸಿಕ್ಕಿಬಿದ್ದವನೂ ಹತ್ತನೆಯ ತರಗತಿ ಮುಗಿಯುವವರೆಗೆ ಒಂದೇ ಸೂರಿನಡಿ ಮಲಗಬೇಕು, ಒಂದೇ ನಲ್ಲಿಯ ಕೆಳಗೆ ಬಕೆಟ್ ಇಡಬೇಕು.

ಕನ್ನಡದಲ್ಲಿ ಇಂಥ ಕಾದಂಬರಿ ಬರೆಯುವವರಿಗೆ ಇಂಗ್ಲೆಂಡಿನ ಕೋಟೆಯಂಥ ಶಾಲೆಯಾಗಲಿ, ಮಂಜು ಮುಸುಕಿದ ಗೋಪುರವಾಗಲಿ ಬೇಕಾಗಿಲ್ಲ. ಕೇಂದ್ರ ಸರ್ಕಾರದ ವಸತಿ ಶಾಲೆಗಳಾದ ನವೋದಯ ವಿದ್ಯಾಲಯಗಳಲ್ಲಿ ಒಂಬತ್ತನೆಯ ತರಗತಿಯ ಕೆಲವು ವಿದ್ಯಾರ್ಥಿಗಳು ಒಂದು ವರ್ಷದ ಮಟ್ಟಿಗೆ ಹಿಂದಿ ಪ್ರದೇಶಕ್ಕೂ ಅಲ್ಲಿಯವರು ಇಲ್ಲಿಗೂ ಬರುವ ಪದ್ಧತಿಯಿದೆ. ಕನ್ನಡ ಬಾರದ, ಯಾರ ಗುಟ್ಟೂ ತಿಳಿಯದ ಹುಡುಗಿಯೊಬ್ಬಳು ಜಿಲ್ಲೆಯ ಶಾಲೆಗೆ ಬಂದಿಳಿದ ವಾರವೇ ಏನೋ ಕಾಣೆಯಾದರೆ, ಎಲ್ಲರ ಕಣ್ಣೂ ಮೊದಲು ಅವಳ ಮೇಲೆ ಬೀಳುತ್ತದೆ. ಆ ಕಥೆಯನ್ನು ಅವಳ ಬಾಯಿಂದಲೇ ಕೇಳಬೇಕೆಂಬುದು ನನ್ನ ಆಸೆ.

ತುಕ್ಕಿನ ಕಲೆಯವನು ನನ್ನ ಎಡಗಡೆಯ ಚಾಪೆಯವನು. ವಾರ್ಡನ್ನರಿಗೆ ನಾವು ಹೇಳಲಿಲ್ಲ. ಯಾಕೆ ತೆಗೆದೆ ಎಂದು ಅವನನ್ನೂ ಕೇಳಲಿಲ್ಲ, ಕೇಳಬೇಕಿತ್ತೆಂದು ಈಗ ಅನ್ನಿಸುತ್ತದೆ. ಮುಂದಿನ ಭಾನುವಾರ ಪಾವಗಡದ ಹುಡುಗನ ತಾಯಿ ಮತ್ತೊಂದು ಡಬ್ಬಿ ತಂದುಕೊಟ್ಟರು. ಅವನು ಅದನ್ನು ಒಳಗಿಟ್ಟು ಬೀಗ ಹಾಕಿದ. ಆಮೇಲೆ ಟ್ರಂಕಿನ ಬೀಗದ ಮುಖವನ್ನು ಗೋಡೆಗೆ ಒತ್ತಿ, ಹಿಂಬದಿ ನಮಗೆಲ್ಲ ಕಾಣುವಂತೆ ತಿರುಗಿಸಿಟ್ಟ.